ಶೇಷಮ್ಮನ ಬೆರಳು, ಧನಲಕ್ಷ್ಮಿಯ ಹೆಸರು

ಗಂಡ ಹುಲಿಯಪ್ಪ ತೀರಿಕೊಂಡ ಮರುತಿಂಗಳು ಶೇಷಮ್ಮ ಚೀಲ ಹಿಡಿದುಕೊಂಡು ದುರ್ಗಿಗುಡಿಯ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಳು. ಅಲ್ಲಿಯವರೆಗೆ ಅದು ಹುಲಿಯಪ್ಪನ ಕೆಲಸವಾಗಿತ್ತು. ಕಾರ್ಡಿನಲ್ಲಿ ಇದ್ದದ್ದು ಎರಡೇ ಹೆಸರು. ಯಾರಾದರೊಬ್ಬರು ಹೋಗಿ ಮೆಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಇಬ್ಬರ ಅಕ್ಕಿಯೂ ಸಿಗುತ್ತಿತ್ತು. ಹುಲಿಯಪ್ಪ ಹೋಗುತ್ತಿದ್ದ, ಒತ್ತುತ್ತಿದ್ದ, ಬರುವಾಗ ಒಂದು ಕಟ್ಟು ಬೀಡಿಯನ್ನು ಅಕ್ಕಿಯೊಳಗೆ ಹುದುಗಿಸಿ ತರುತ್ತಿದ್ದ. ಶೇಷಮ್ಮನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುತ್ತಿದ್ದಳು.

ಅಂಗಡಿಯ ಚಂದ್ರಶೇಖರಪ್ಪ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಬನ್ನಿ ಶೇಷಮ್ಮ. ವಿಷಯ ಗೊತ್ತಾಯ್ತು. ಒಳ್ಳೆ ಮನುಷ್ಯ. ಥಂಬ್ ಕೊಡಿ."

ಅವಳು ಕೊಟ್ಟಳು. ಮೆಷಿನ್ ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಚಂದ್ರಶೇಖರಪ್ಪ ಅವಳ ಬೆರಳನ್ನು ತಾವೇ ಹಿಡಿದು ಒತ್ತಿ ನೋಡಿದರು. ಎಡಗೈ, ಬಲಗೈ, ಒಂದಾದ ಮೇಲೊಂದು ಎಲ್ಲ ಬೆರಳೂ ಆಯಿತು. ಹಿಂದೆ ನಿಂತವರು ಚೀಲಗಳನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡರು.

"ಸೂಜಿ ಹಿಡಿದು ಹಿಡಿದು ಗೆರೆ ಸವೆದಿರ್ಬೇಕು. ಆಧಾರ್ ಸೆಂಟರಿಗೆ ಹೋಗಿ ಅಪ್‌ಡೇಟ್ ಮಾಡ್ಸಿಬಿಡಿ. ನಿಮ್ದು ಕೆವೈಸಿ ಬೇರೆ ಬಾಕಿ ತೋರಿಸ್ತಾ ಇದೆ. ಮಾಡ್ಸದಿದ್ರೆ ಹೆಸ್ರೇ ತೆಗೆದುಬಿಡ್ತಾರೆ."

"ಆಯ್ತು," ಎಂದಳು ಶೇಷಮ್ಮ. ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದಳು.

ಶೇಷಮ್ಮ ಮದುವೆಯಾಗಿ ಬಂದದ್ದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿಗೆ. ಹುಲಿಯಪ್ಪ ಅಲ್ಲಿ ಬಾಯ್ಲರ್ ವಿಭಾಗದಲ್ಲಿದ್ದ. ಮಕ್ಕಳಾಗಲಿಲ್ಲ. ಕಾರ್ಖಾನೆ ನಿಂತ ಮೇಲೆ ಅಕ್ಕಪಕ್ಕದವರು ಒಬ್ಬೊಬ್ಬರೇ ಗಂಟು ಕಟ್ಟಿದರು. ಇವರಿಬ್ಬರು ಶಿವಮೊಗ್ಗಕ್ಕೆ ಬಂದು ದುರ್ಗಿಗುಡಿಯ ಒಂದು ಹಳೆಯ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದರು. ಹುಲಿಯಪ್ಪನಿಗೆ ಒಂದು ಕಲ್ಯಾಣ ಮಂಟಪದಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಶೇಷಮ್ಮ ಬಟ್ಟೆ ಅಂಗಡಿಗಳಿಂದ ಸೀರೆ ತಂದು ಫಾಲ್ಸ್ ಹೊಲಿದು, ಸೆರಗಿಗೆ ಕುಚ್ಚು ಕಟ್ಟಿ ಕೊಡುತ್ತಿದ್ದಳು. ಹಾಗೇ ವರ್ಷಗಳು ಹೋದವು. ಒಂದು ಮಧ್ಯಾಹ್ನ ಮದುವೆಯ ಊಟ ಮುಗಿದು ಕುರ್ಚಿಗಳನ್ನು ಒಟ್ಟುವಾಗ ಹುಲಿಯಪ್ಪ ಒಂದು ಕುರ್ಚಿಯ ಮೇಲೆ ಕೂತ, ಮತ್ತೆ ಏಳಲಿಲ್ಲ.

ಶೇಷಮ್ಮ ಅಳಲಿಲ್ಲ. ಗಟ್ಟಿಗಿತ್ತಿ ಎಂದರು ಜನ. ಅವಳಿಗೆ ಗಟ್ಟಿತನವೂ ಗೊತ್ತಾಗಲಿಲ್ಲ, ದುಃಖವೂ ಗೊತ್ತಾಗಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ತಿಂದ ಮೇಲೂ ತಿಳಿಯುತ್ತಿರಲಿಲ್ಲ. ಅಂಗಡಿಯವರು ಹಸಿರು ದಾರ ಹಾಕು ಅಂದರೆ ಹಸಿರು ಹಾಕುತ್ತಿದ್ದಳು, ಬಿಚ್ಚು ಅಂದರೆ ಬಿಚ್ಚುತ್ತಿದ್ದಳು. ಆಧಾರ್ ಸೆಂಟರಿಗೆ ಹೋಗು ಅಂದದ್ದಕ್ಕೆ ಅಲ್ಲಿಗೂ ಹೋದಳು.

ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಜ್ಞಾನೇಶ್ ಮೂವತ್ತರ ಆಸುಪಾಸಿನವನು. ಸಿಟ್ಟು ಬರದ ಮನುಷ್ಯ. ಟೋಕನ್ ಕರೆದು ಕರೆದು ಅವನ ಗಂಟಲು ಒಡೆದಿತ್ತು. ಅವಳ ಹತ್ತು ಬೆರಳನ್ನೂ ಗಾಜಿನ ಮೇಲೆ ಇಡಿಸಿ, ಕಣ್ಣಿನ ಚಿತ್ರ ತೆಗೆದು, ಚೀಟಿ ಕೊಟ್ಟು ಕಳಿಸಿದ. ಸ್ವಲ್ಪ ದಿನ ಬಿಟ್ಟು ಹೋದರೆ "ರಿಜೆಕ್ಟ್ ಆಗಿದೆ ಅಮ್ಮ, ಇನ್ನೊಂದ್ಸಲ ಮಾಡೋಣ" ಎಂದ. ಇನ್ನೊಂದು ಸಲವೂ ಹಾಗೇ ಆಯಿತು. ಮತ್ತೆ ಹೋದಾಗ ಸರ್ವರ್ ಇರಲಿಲ್ಲ. ಅದರ ಮುಂದಿನ ಸಲ ಜ್ಞಾನೇಶ್ ಪರದೆಯನ್ನು ಬಹಳ ಹೊತ್ತು ಓದಿ, ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ.

"ಅಮ್ಮ, ನಿಮ್ಮ ಬೆರಳು ಸವೆದಿಲ್ಲ. ಚೆನ್ನಾಗೇ ಇದೆ. ಆದ್ರೆ ಈ ಬೆರಳು ಬೇರೆ ಯಾರದೋ ಆಧಾರ್‌ನಲ್ಲಿದೆ ಅಂತ ಬರ್ತಿದೆ."

"ಹಾಗಂದ್ರೆ?"

"ನಿಮ್ಮ ನಂಬರಿನಲ್ಲಿ ಹೆಸ್ರು ನಿಮ್ದು, ಫೋಟೋ ನಿಮ್ದು. ಬೆರಳು, ಕಣ್ಣು ಇನ್ನೊಬ್ಬರದ್ದು. ಅವರ ನಂಬರಿನಲ್ಲಿ ನಿಮ್ದು ಇರ್ಬೇಕು. ಮೊದಲು ಮಾಡ್ಸುವಾಗಲೇ ಅದಲುಬದಲು ಆಗಿದೆ."

"ಯಾರು ಅವರು?"

"ಅದು ನಮಗೆ ತೋರ್ಸಲ್ಲ ಅಮ್ಮ. ಆವತ್ತು ನಿಮ್ಮ ಹಿಂದೆಮುಂದೆ ಯಾರಿದ್ರು, ನೆನಪಿದೆಯಾ?"

ಶೇಷಮ್ಮನಿಗೆ ನೆನಪಿತ್ತು. ಕಾರ್ಖಾನೆ ಇನ್ನೂ ನಡೆಯುತ್ತಿದ್ದ ಕಾಲ. ಕ್ವಾರ್ಟರ್ಸಿನ ಶಾಲೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹೊರಗಿನಿಂದ ಬಂದ ಹುಡುಗರು ಎಲ್ಲರ ಬೆರಳು ತೆಗೆಯುತ್ತಿದ್ದರು. ಅವಳ ಜೊತೆ ಪಕ್ಕದ ಲೈನಿನ ತಮಿಳು ಮನೆಯ ಧನಲಕ್ಷ್ಮಿ ಇದ್ದಳು. ಇಬ್ಬರೂ ಹೊಸ ಸೀರೆ ಉಟ್ಟು ಹೋಗಿದ್ದರು. ಧನಲಕ್ಷ್ಮಿಯ ಬೆರಳು ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬಂದಾಗ ಧನಲಕ್ಷ್ಮಿ ಮಗಳಿಗೆ ನೀರು ಕುಡಿಸಲು ಹೊರಗೆ ಹೋಗಿದ್ದಳು. ಹುಡುಗರು ಶೇಷಮ್ಮನನ್ನು ಕೂರಿಸಿದರು, ಎಬ್ಬಿಸಿದರು, ಮತ್ತೆ ಕೂರಿಸಿದರು. ಏನೋ ಗೊಂದಲ ಮಾಡಿಕೊಂಡು ತಮ್ಮತಮ್ಮಲ್ಲೇ ಬೈದಾಡಿಕೊಂಡರು. ಕೊನೆಗೆ ಇಬ್ಬರ ಫೋಟೋವನ್ನೂ ಇನ್ನೊಮ್ಮೆ ಹೊಡೆದು ಕಳಿಸಿದರು. ಕಾರ್ಡು ಬಂದಾಗ ಫೋಟೋದಲ್ಲಿ ತನ್ನ ಮುಖವೇ ಇದ್ದದ್ದರಿಂದ ಯಾರೂ ಏನೂ ಕೇಳಲಿಲ್ಲ.

"ಅವರನ್ನ ಹುಡುಕಿ ಕರ್ಕೊಂಡು ಬನ್ನಿ," ಎಂದ ಜ್ಞಾನೇಶ್. "ಇಬ್ಬರೂ ಇದ್ರೆ ಬೆಂಗಳೂರಿನ ಆಧಾರ್ ಆಫೀಸಿಗೆ ಬರೆಯೋಕಾದ್ರೂ ಒಂದು ದಾರಿ."

ಶೇಷಮ್ಮ ಒಂದು ಭಾನುವಾರ ಭದ್ರಾವತಿಯ ಬಸ್ಸು ಹತ್ತಿದಳು. ಬಿಟ್ಟು ಬಂದ ಮೇಲೆ ಕ್ವಾರ್ಟರ್ಸಿನ ಕಡೆ ಹೋಗಿರಲಿಲ್ಲ. ಮನೆಗಳ ಬಾಗಿಲು ಕಿಟಕಿಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಅವಳಿದ್ದ ಮನೆಯೊಳಗೆ ಲಂಟಾನ ಬೆಳೆದು ಕಿಟಕಿಯಿಂದ ಹೊರಗೆ ಬಂದಿತ್ತು. ಶೇಷಮ್ಮ ಅಲ್ಲಿ ನಿಂತು ನೋಡಿದಳು. ಅಡಿಗೆಮನೆ ಯಾವ ಕಡೆ ಇತ್ತೆಂದು ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮತ್ತೇನೂ ಅನ್ನಿಸಲಿಲ್ಲ.

ಗೇಟಿನ ಹತ್ತಿರ ಶಿವಯೋಗಪ್ಪನ ಕಿರಾಣಿ ಅಂಗಡಿ ಮಾತ್ರ ಇನ್ನೂ ತೆರೆದಿತ್ತು. ಮುದುಕ ಅವಳ ಗುರುತು ಹಿಡಿದು ಸ್ಟೂಲು ಎಳೆದು ಕೊಟ್ಟ.

"ಧನಲಕ್ಷ್ಮಿನಾ? ಅವಳ ಗಂಡ ತಿರುಪ್ಪೂರಿಗೆ ಕೆಲ್ಸಕ್ಕೆ ಅಂತ ಹೋದವನು ಪತ್ತೆ ಇಲ್ಲ ಕಣಮ್ಮ. ಅವಳು ಕುಂಸಿಗೆ ಹೋದ್ಲು. ಬಸ್ ಸ್ಟ್ಯಾಂಡ್ ಹತ್ರ ಇಡ್ಲಿ ಮಾಡ್ತಾಳಂತೆ. ಯಾಕೆ, ಏನ್ ವಿಷ್ಯ?"

"ಏನಿಲ್ಲ. ನೋಡ್ಬೇಕಿತ್ತು," ಎಂದಳು ಶೇಷಮ್ಮ. ಬೆರಳಿನ ಕತೆಯನ್ನು ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಮಾರನೆಯ ದಿನ ಸಾಗರದ ಬಸ್ಸು ಹತ್ತಿ ಆಯನೂರು ದಾಟಿ ಕುಂಸಿಯಲ್ಲಿ ಇಳಿದಳು. ಇಡ್ಲಿ ಅಂಗಡಿ ಹುಡುಕಬೇಕಾಗಲಿಲ್ಲ. ತಗಡಿನ ಮಾಡಿನ ಕೆಳಗೆ ಹಬೆಯ ನಡುವೆ ಧನಲಕ್ಷ್ಮಿ ನಿಂತಿದ್ದಳು. ದಪ್ಪಗಾಗಿದ್ದಳು, ಕೂದಲು ಬಿಳಿಯಾಗಿತ್ತು, ಮೂಗುಬೊಟ್ಟು ಅದೇ. ಶೇಷಮ್ಮನನ್ನು ನೋಡಿ ಸೌಟು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದಳು.

"ಶೇಷಕ್ಕ! ಅಯ್ಯೋ ಕಡವುಳೇ! ಇದೇನೇ ಇಷ್ಟು ಒಣಗಿದೀಯ! ಹುಲಿಯಣ್ಣ ಹೇಗಿದಾನೆ?"

"ಹೋದ್ರು ಧನಾ."

ಧನಲಕ್ಷ್ಮಿ ಅವಳ ಕೈ ಹಿಡಿದುಕೊಂಡು ಅತ್ತಳು. ಶೇಷಮ್ಮ ಅವಳ ಬೆನ್ನು ಸವರಿದಳು. ಗಂಡ ತೀರಿಕೊಂಡದ್ದು ಇವಳದ್ದೋ ಅವಳದ್ದೋ ಎಂದು ಇಡ್ಲಿ ತಿನ್ನುತ್ತಿದ್ದವರಿಗೆ ಗೊತ್ತಾಗಲಿಲ್ಲ.

ಬೆಳಗಿನ ಗಿರಾಕಿ ಕಡಿಮೆಯಾದ ಮೇಲೆ ಒಳಗೆ ಕೂತು ಶೇಷಮ್ಮ ಬಂದ ಕಾರಣ ಹೇಳಿದಳು. ಧನಲಕ್ಷ್ಮಿ ಬಾಯಿ ತೆರೆದುಕೊಂಡು ಕೇಳಿದಳು. ಪಾತ್ರೆ ತೊಳೆಯುತ್ತಿದ್ದ ಅವಳ ಮಗಳು ಕವನ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಕವನ ಗಂಡನ ಮನೆ ಬಿಟ್ಟು ಬಂದವಳು. ಅವಳ ಹೆಸರು ಇನ್ನೂ ಅಲ್ಲಿನ ಕಾರ್ಡಿನಲ್ಲೇ ಇತ್ತು. ಇಲ್ಲಿನ ಕಾರ್ಡಿನಲ್ಲಿ ಧನಲಕ್ಷ್ಮಿ ಒಬ್ಬಳೇ.

"ನನ್ನ ಬೆರಳು ಸತ್ತೋಗಿದೆ ಅಂದ್ರು ಶೇಷಕ್ಕ," ಎಂದಳು ಧನಲಕ್ಷ್ಮಿ. "ಬೆಂಕಿ ಮುಂದೆ ಕೆಲ್ಸ ಮಾಡೋರಿಗೆ ಹಂಗೇ ಅಂತೆ. ರೇಷನ್ ನಿಂತು ಎಷ್ಟೋ ವರ್ಷ ಆಯ್ತು. ಎಲ್ಲೆಲ್ಲಿಗೋ ಅಲೆದೆ. ರೇಷನ್ ಸೊಸೈಟಿಯವನು ದಿನಾ ಇಡ್ಲಿಗೆ ಬರ್ತಾನೆ, ನಮ್ಮ ಕಷ್ಟ ನೋಡಿ ಕಾರ್ಡು ರದ್ದಾಗದ ಹಾಗೆ ಹೆಂಗೋ ನೋಡ್ಕೊಂಡಿದಾನೆ, ಅಷ್ಟೇ. ಆಮೇಲೆ ಬಿಟ್ಟುಬಿಟ್ಟೆ. ನನ್ನ ಬೆರಳಲ್ಲಿ ಏನೋ ದೋಷ ಅಂದ್ಕೊಂಡಿದ್ದೆ."

"ಈಗ ಹೋಗಿ ನೋಡೋಣ," ಎಂದಳು ಕವನ.

ಮೂವರೂ ಹೋದರು. ಸೊಸೈಟಿಯವನು ಧನಲಕ್ಷ್ಮಿಯ ಕಾರ್ಡಿನ ನಂಬರು ಹಾಕಿ, ತಲೆ ಎತ್ತದೆ ಮೆಷಿನ್ನನ್ನು ಮುಂದೆ ತಳ್ಳಿದ. ಶೇಷಮ್ಮ ಹೆಬ್ಬೆಟ್ಟು ಇಟ್ಟಳು. ಮೆಷಿನ್ ಒಪ್ಪಿತು. ಚೀಟಿ ಹೊರಗೆ ಬಂತು. ಅದರ ಮೇಲೆ ಧನಲಕ್ಷ್ಮಿ ಎಂದಿತ್ತು.

ಧನಲಕ್ಷ್ಮಿಗೆ ನಗು ಬಂತು. ತಡೆಯಲಾಗದೆ ಗೋಡೆ ಹಿಡಿದುಕೊಂಡು ನಕ್ಕಳು. ಸೊಸೈಟಿಯವನು ಆಗ ತಲೆ ಎತ್ತಿ ಮೂವರ ಮುಖವನ್ನೂ ನೋಡಿದ. ಏನು ತಿಳಿಯಿತೋ, ಅಕ್ಕಿ ತೂಗಲು ಎದ್ದ. ನಗು ನಿಂತ ಮೇಲೆ ಧನಲಕ್ಷ್ಮಿ ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, "ಇಷ್ಟು ವರ್ಷ ಹದಿನೈದು ಮೈಲಿ ದೂರದಲ್ಲಿ ಕೂತು ಸೀರೆಗೆ ಕುಚ್ಚು ಕಟ್ತಿದ್ದೆಯಲ್ಲ ನೀನು, ನನ್ನ ಬೆರಳು ಇಟ್ಕೊಂಡು!" ಎಂದಳು.

ಶೇಷಮ್ಮ ತನ್ನ ಹೆಬ್ಬೆಟ್ಟನ್ನು ನೋಡಿಕೊಂಡಳು. ಹುಲಿಯಪ್ಪನ ಚಿತೆಗೆ ಬೆಂಕಿ ಇಟ್ಟಾಗ ಆದ ಹಾಗೆಯೇ ಈಗಲೂ ಆಯಿತು. ಕಣ್ಣೆದುರಿನದು ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು, ಆದರೆ ಅದು ತನಗೆ ಸಂಬಂಧಪಟ್ಟದ್ದು ಎಂದು ಅನ್ನಿಸುತ್ತಿರಲಿಲ್ಲ.

ಅದೇ ವಾರ ಧನಲಕ್ಷ್ಮಿ ಅಂಗಡಿಯನ್ನು ಮಗಳಿಗೆ ಬಿಟ್ಟು ದುರ್ಗಿಗುಡಿಗೆ ಬಂದಳು. ಚಂದ್ರಶೇಖರಪ್ಪನವರಿಗೆ ಶೇಷಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬಹಳ ಹೊತ್ತು ಗದ್ದ ಕೆರೆದುಕೊಂಡರು.

"ಇದು ತಪ್ಪಲ್ವಾ ಶೇಷಮ್ಮ? ಬೇರೆಯವರ ಬೆರಳು..."

"ನಿಮ್ಮ ಮೆಷಿನ್ ಪ್ರಕಾರ ಅದು ನಂದೇ ಬೆರಳು."

ಚಂದ್ರಶೇಖರಪ್ಪ ಎದ್ದು ಒಳಗೆ ಹೋಗಿ ಮೂಟೆಗಳನ್ನು ಸರಿಸತೊಡಗಿದರು. "ನಾನು ಅಕ್ಕಿ ನೋಡ್ತಿದೀನಿ. ಯಾರು ಒತ್ತಿದ್ರೋ ನಾ ನೋಡಿಲ್ಲ," ಎಂದು ಒಳಗಿನಿಂದಲೇ ಹೇಳಿದರು. ಧನಲಕ್ಷ್ಮಿ ಒತ್ತಿದಳು. ಬಾಕಿ ಇದ್ದ ಕೆವೈಸಿಯೂ ಅವಳ ಬೆರಳಿನಲ್ಲೇ ಮುಗಿಯಿತು.

ಆಮೇಲೆ ಇಬ್ಬರೂ ಜ್ಞಾನೇಶನ ಹತ್ತಿರ ಹೋದರು. ಅವನು ಖುಷಿಯಿಂದ ಎದ್ದು ನಿಂತು ಇನ್ನೊಂದು ಕುರ್ಚಿ ಹಾಕಿಸಿದ. ಆದರೆ ಮುಂದಿನದ್ದನ್ನು ಹೇಳುವಾಗ ಅವನ ದನಿ ಇಳಿಯಿತು.

"ಬೆಂಗಳೂರಿಗೆ ಬರೀಬಹುದು. ಅವರು ಇಬ್ಬರ ನಂಬರನ್ನೂ ರದ್ದು ಮಾಡಿ, ಹೊಸದಾಗಿ ಮಾಡ್ಸಿ ಅನ್ನಬಹುದು. ಒಬ್ಬರದ್ದೇ ರದ್ದು ಮಾಡ್ಬಹುದು. ಇಲ್ಲಾ ಉತ್ರಾನೇ ಬರದೆ ಇರಬಹುದು. ರದ್ದಾಗಿ ಹೊಸದು ಬರೋವರೆಗೆ ನೀವು ಇಬ್ರೂ ಇಲ್ಲ ಅಂತ ಲೆಕ್ಕ."

"ಎಷ್ಟು ದಿನ?" ಎಂದಳು ಧನಲಕ್ಷ್ಮಿ.

"ನಾನು ಹೇಳೋಕಾಗಲ್ಲ ಅಮ್ಮ. ಹೊಸದಕ್ಕೆ ಜನನ ಪ್ರಮಾಣಪತ್ರ ಕೇಳಿದ್ರೂ ಕೇಳ್ಬಹುದು."

ಇಬ್ಬರಿಗೂ ಜನನ ಪ್ರಮಾಣಪತ್ರ ಇರಲಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡಿಯುವಾಗ ಧನಲಕ್ಷ್ಮಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಬೇಡ ಮಾರಾಯ್ತಿ. ಕೂತಿರೋ ಕೊಂಬೆ ಯಾಕೆ ಕಡೀಬೇಕು? ತಿಂಗಳಿಗೊಂದ್ಸಲ ನೀನು ಬಾ, ನಾನು ಬರ್ತೀನಿ. ಇಬ್ಬರೂ ಇರೋವರೆಗೆ ನಡೀಲಿ."

ಹಾಗೆಯೇ ನಡೆಯಿತು. ರೇಷನ್ ಬಂದಿದೆ ಎಂದು ಗೊತ್ತಾದೊಡನೆ ಒಬ್ಬರಿಗೊಬ್ಬರು ಫೋನು ಮಾಡುತ್ತಿದ್ದರು. ಶೇಷಮ್ಮ ಕುಂಸಿಗೆ ಹೋದರೆ ಅಂಗಡಿಯಲ್ಲೇ ಉಳಿದು ಉದ್ದು ನೆನೆಹಾಕುವುದು, ಚಟ್ನಿಗೆ ಕಾಯಿ ತುರಿಯುವುದು ಮಾಡುತ್ತಿದ್ದಳು. ಧನಲಕ್ಷ್ಮಿ ದುರ್ಗಿಗುಡಿಗೆ ಬಂದರೆ ಗಾಂಧಿ ಬಜಾರಿನಲ್ಲಿ ಬಳೆ ನೋಡದೆ ಹೋಗುತ್ತಿರಲಿಲ್ಲ. ಬರುವಾಗ ಡಬ್ಬಿಯಲ್ಲಿ ಪುಳಿಯೋಗರೆ ತರುತ್ತಿದ್ದಳು. ಕಾರ್ಖಾನೆಯಿಂದ ಹುಲಿಯಪ್ಪನಿಗೆ ಬರುತ್ತಿದ್ದ ಪಿಂಚಣಿ ಶೇಷಮ್ಮನ ಹೆಸರಿಗೆ ಆದಾಗ, ಪಿಂಚಣಿದಾರರು ಬದುಕಿದ್ದಾರೆ ಎಂದು ಪ್ರತಿ ವರ್ಷ ಬೆರಳು ಕೊಟ್ಟು ತೋರಿಸಬೇಕು ಎಂದರು. ಶೇಷಮ್ಮ ಬದುಕಿದ್ದಾಳೆ ಎಂದು ಧನಲಕ್ಷ್ಮಿ ಹೆಬ್ಬೆಟ್ಟು ಒತ್ತಿದಳು. ಕೌಂಟರಿನವರಿಗೆ ಅಕ್ಕತಂಗಿಯರೆಂದು ಹೇಳಿಕೊಂಡಿದ್ದರು. ಜನಜಂಗುಳಿಯಲ್ಲಿ ಯಾರ ಕೈ ಯಾರದೆಂದು ನೋಡುವವರಿರಲಿಲ್ಲ.

ಶೇಷಮ್ಮನ ನಾಲಿಗೆಗೆ ಉಪ್ಪು ಮತ್ತೆ ಯಾವಾಗ ತಿಳಿಯತೊಡಗಿತೋ ಅವಳೇ ಗಮನಿಸಲಿಲ್ಲ. ಒಂದು ಸಲ ಕುಂಸಿಯಲ್ಲಿ "ಚಟ್ನಿಗೆ ಉಪ್ಪು ಜಾಸ್ತಿ ಆಯ್ತಲ್ಲೇ" ಎಂದಳು. ಧನಲಕ್ಷ್ಮಿ, "ಅಬ್ಬಾ, ಬಾಯಿ ಬಂತು ನಿಂಗೆ," ಎಂದಳು.

ಎರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕವನಳ ಫೋನು ಬಂತು. "ಆಂಟಿ, ಅಮ್ಮ..." ಎಂದಳು. ಇಡ್ಲಿ ಪಾತ್ರೆ ಇಳಿಸುವಾಗ ಧನಲಕ್ಷ್ಮಿ ಎದೆ ಹಿಡಿದುಕೊಂಡು ಕುಸಿದಿದ್ದಳು. ಆಟೊದಲ್ಲಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿದಿತ್ತು.

ಶೇಷಮ್ಮ ಕುಂಸಿ ತಲುಪಿದಾಗ ಧನಲಕ್ಷ್ಮಿಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಊರಿನ ಹೆಂಗಸರು ಮೀಯಿಸಲು ನೀರು ಕಾಯಿಸುತ್ತಿದ್ದರು. ಶೇಷಮ್ಮ ಹೋಗಿ ಪಕ್ಕದಲ್ಲಿ ಕೂತಳು. ಧನಲಕ್ಷ್ಮಿಯ ಬಲಗೈ ಮುಷ್ಟಿ ಕಟ್ಟಿತ್ತು. ಅದನ್ನು ನಿಧಾನವಾಗಿ ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದಳು. ತೋರುಬೆರಳಿನ ತುದಿಯಲ್ಲಿ ಹಿಟ್ಟು ಒಣಗಿತ್ತು. ಸೆರಗಿನಿಂದ ಒರೆಸಿದಳು.

ಕವನ ಅವಳ ಪಕ್ಕ ಬಂದು ಕೂತಳು. ಅತ್ತು ಅತ್ತು ಅವಳ ದನಿ ಒಣಗಿತ್ತು. ಅಮ್ಮನ ಕೈಗಳನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಆಂಟಿ, ಈ ತಿಂಗಳದ್ದು ಒತ್ತಿಸ್ಕೊಂಡಿದ್ರಾ?"

ಕೇಳಿದ ಮೇಲೆ ಕವನ ತಾನೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡಳು.

"ಇಲ್ಲಮ್ಮ," ಎಂದಳು ಶೇಷಮ್ಮ. "ಇರ್ಲಿ ಬಿಡು."

ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ದಹನವಾದ ಜಾಗದಿಂದ ಜನ ಹಿಂದಿರುಗುವುದನ್ನು ಶೇಷಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ನೋಡಿದಳು. ಕಾಗದಪತ್ರದ ಲೋಕದಲ್ಲಿ ತನ್ನದೆನ್ನುವ ಹತ್ತು ಬೆರಳೂ ಎರಡು ಕಣ್ಣೂ ಇವತ್ತು ಸುಟ್ಟುಹೋದವು ಎಂದು ಅವಳಿಗೆ ಹೊಳೆಯಿತು. ಹೊಳೆದದ್ದರಿಂದ ಭಯವೇನೂ ಆಗಲಿಲ್ಲ. ಧನಾ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡದಾಗಿ ಎದುರಿಗೆ ಕೂತಿತ್ತು, ಅದನ್ನೂ ಅವಳು ಸುಮ್ಮನೆ ನೋಡುತ್ತ ಕೂತಳು.

ತಿಥಿ ಕಳೆದ ಮೇಲೆ ಕವನ ದುರ್ಗಿಗುಡಿಗೆ ಬಂದಳು. ಸಾವನ್ನು ನೋಂದಾಯಿಸಬೇಕಿತ್ತು. ನೋಂದಾಯಿಸುವಾಗ ಸತ್ತವರ ಆಧಾರ್ ನಂಬರು ಕೇಳುತ್ತಾರೆ, ಆಮೇಲೆ ಆ ನಂಬರನ್ನು ನಿಲ್ಲಿಸಿಬಿಡುತ್ತಾರೆ ಎಂದು ಯಾರೋ ಹೇಳಿದ್ದರು.

"ಆಂಟಿ, ಅಮ್ಮನ ನಂಬರಿನಲ್ಲಿ ನಿಮ್ಮ ಬೆರಳಿದೆ. ನಾನು ಬರೆಸಿದ್ರೆ ನಿಮ್ಮ ಬೆರಳೇ ಸತ್ತವರದ್ದು ಅಂತಾಗುತ್ತೆ. ಬರೆಸದೆ ಇದ್ದುಬಿಡ್ಲಾ? ಕೇಳೋರು ಯಾರೂ ಇಲ್ಲ. ಅಮ್ಮನ ರೇಷನ್ನಾದ್ರೂ ನೀವು ತಗೋಬಹುದು."

ಶೇಷಮ್ಮ ಸೂಜಿಯನ್ನು ಸೀರೆಯ ಅಂಚಿಗೆ ಚುಚ್ಚಿಟ್ಟಳು.

"ಬರೆಸು."

"ಆಂಟಿ..."

"ನಿಮ್ಮಪ್ಪ ಇದಾನೋ ಇಲ್ವೋ ಅಂತ ಗೊತ್ತಾಗದೇ ಅವಳು ಅಷ್ಟು ವರ್ಷ ಕುಂಕುಮ ಇಟ್ಕೊಂಡು ಓಡಾಡಿದ್ಲು. ಅವಳದ್ದಾದ್ರೂ ಸರಿಯಾಗಿ ಬರೀಲಿ. ಹುಟ್ಟಿದ್ದಂತೂ ಎಲ್ಲೂ ಬರೆದಿಲ್ಲ."

ಕವನ ಬರೆಸಿದಳು.

ಆಮೇಲೆ ಆದದ್ದೆಲ್ಲ ನಿಧಾನವಾಗಿ ಆಯಿತು. ಜ್ಞಾನೇಶ್ ಶೇಷಮ್ಮನ ಬೆರಳನ್ನು ಮತ್ತೆ ಕಳಿಸಿ ನೋಡಿದ. ಅದು ಮತ್ತೆ ತಿರುಗಿ ಬಂತು. ಅವನು ತಾನೇ ಕೂತು ಬೆಂಗಳೂರಿಗೆ ಅರ್ಜಿ ಬರೆದು, ಧನಲಕ್ಷ್ಮಿಯ ಮರಣ ಪ್ರಮಾಣಪತ್ರವನ್ನೂ ಸೇರಿಸಿ ಕಳಿಸಿದ. ಉತ್ತರ ಬರಲಿಲ್ಲ. ರೇಷನ್ ನಿಂತಿತು. ವರ್ಷ ತುಂಬಿದಾಗ ಬದುಕಿದ್ದಾಳೆ ಎಂದು ತೋರಿಸುವ ಬೆರಳಿಲ್ಲದೆ ಪಿಂಚಣಿಯೂ ನಿಂತಿತು. ಕೊನೆಗೆ ಕವನ ಅಂಗಡಿಗೆ ಬೀಗ ಹಾಕಿ, ಶೇಷಮ್ಮನನ್ನು ಕರೆದುಕೊಂಡು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋದಳು. ಅಲ್ಲಿ ಒಂದು ದೊಡ್ಡ ಕಟ್ಟಡದಲ್ಲಿ ಮಧ್ಯಾಹ್ನದವರೆಗೆ ಕೂತ ಮೇಲೆ ಒಬ್ಬ ಅಧಿಕಾರಿಣಿ ಅವರನ್ನು ಒಳಗೆ ಕರೆದರು. ಒರಟಾಗಿ ಮಾತಾಡಲಿಲ್ಲ. ಕಾಗದಗಳನ್ನು ಎರಡು ಸಲ ಓದಿದರು.

"ಆ ಇನ್ನೊಬ್ಬರು ನಿಮ್ಮ ಜೊತೆ ಬಂದಿದ್ರೆ ಸುಲಭ ಆಗ್ತಿತ್ತು," ಎಂದರು.

"ಬರ್ತಿದ್ಲು ಮೇಡಂ. ನಾವೇ ಹೆದರ್ಕೊಂಡ್ವಿ," ಎಂದಳು ಶೇಷಮ್ಮ.

ಅಧಿಕಾರಿಣಿ ಅರ್ಜಿಯ ಮೇಲೆ ಏನೋ ಬರೆದು ಕೆಳಗೆ ಸಹಿ ಮಾಡಿದರು. ಧನಲಕ್ಷ್ಮಿಯ ನಂಬರಿನಲ್ಲಿದ್ದ ಬೆರಳನ್ನು ಬಿಡಿಸಿ, ಶೇಷಮ್ಮನ ನಂಬರನ್ನು ರದ್ದು ಮಾಡಿ ಹೊಸದಾಗಿ ನೋಂದಾಯಿಸಿಕೊಳ್ಳಲು ಬರೆದಿದ್ದರು. ಎಷ್ಟು ದಿನ ಹಿಡಿಯುತ್ತದೆ ಎಂದು ಕವನ ಕೇಳಿದಳು. ಅದು ತಮ್ಮ ಕೈಯಲ್ಲಿಲ್ಲ ಎಂದರು.

ರದ್ದಾದ ಸಂದೇಶ ಬೇಗನೆ ಬಂತು. ಜ್ಞಾನೇಶನ ಹತ್ತಿರ ಹೊಸದಾಗಿ ಬೆರಳು ಕೊಟ್ಟು ಬಂದಳು, ಅದರ ಸುದ್ದಿ ಇರಲಿಲ್ಲ. ಈ ನಡುವಿನ ಕಾಲದಲ್ಲಿ ಶೇಷಮ್ಮ ಮೊದಲಿನ ಹಾಗೇ ಎದ್ದಳು, ಸೀರೆ ತಂದಳು, ಹೊಲಿದಳು, ಮಲಗಿದಳು. ಫೋನಿನ ಸಿಮ್ ಬದಲಾಯಿಸಲು ಹೋದರೆ ಆಧಾರ್ ಕೇಳಿದರು, ವಾಪಸ್ ಬಂದಳು. ಮನೆ ಮಾಲೀಕರು ಬಾಡಿಗೆ ಕರಾರಿಗೆ ಜೆರಾಕ್ಸ್ ಕೇಳಿದರು. ಹಳೆಯದನ್ನೇ ಕೊಟ್ಟಳು, ಅವರು ನೋಡದೆ ಇಟ್ಟುಕೊಂಡರು. ಬಸ್ಸಿನಲ್ಲಿ ಉಚಿತ ಟಿಕೆಟ್ಟಿಗೆ ಹಳೆಯ ಕಾರ್ಡನ್ನು ತೋರಿಸಿದಳು. ಕಂಡಕ್ಟರ್ ಫೋಟೋ ನೋಡಿ, ಅವಳ ಮುಖ ನೋಡಿ, ಟಿಕೆಟ್ ಹರಿದು ಕೊಟ್ಟ. ಇದೊಂದು ಕಡೆ ನಾನಿದೀನಿ ಎಂದು ಅವಳು ಕವನಳಿಗೆ ಫೋನಿನಲ್ಲಿ ಹೇಳಿದಳು. ನಗಿಸಲು ಹೇಳಿದಳೋ ಏನೋ ಕವನಳಿಗೆ ತಿಳಿಯಲಿಲ್ಲ.

"ಆಂಟಿ, ಇಲ್ಲಿಗೇ ಬಂದುಬಿಡಿ," ಎಂದಳು ಕವನ. "ಒಬ್ಬಳಿಗೇ ಅಂಗಡಿ ಆಗ್ತಿಲ್ಲ. ಹಿಟ್ಟು ರುಬ್ಬೋಕೆ ಜನ ಇಲ್ಲ. ನೀವು ಅಲ್ಲಿ ಬಾಡಿಗೆ ಕಟ್ಕೊಂಡು ಯಾರಿಗಾಗಿ ಇದೀರ?"

ಶೇಷಮ್ಮ ಫೋನಿಟ್ಟಳು. ಹುಲಿಯಪ್ಪ ತೀರಿಕೊಂಡ ಊರು ಬಿಡುವುದು ಹೇಗೆ ಎಂದು ಯೋಚಿಸಲು ನೋಡಿದಳು. ಯೋಚನೆ ಮುಂದೆ ಹೋಗಲಿಲ್ಲ. ಅಂಗಡಿಯವರಿಗೆ ಸೀರೆಗಳನ್ನೆಲ್ಲ ಹಿಂದಿರುಗಿಸಿ, ಪಾತ್ರೆ ಬಟ್ಟೆಗಳನ್ನು ಒಂದು ಗೂಡ್ಸ್ ಆಟೊಗೆ ಹಾಕಿಕೊಂಡು ಕುಂಸಿಗೆ ಹೋದಳು.

ಹೊಸ ಆಧಾರ್ ಬಂದದ್ದು ಅದಾದ ಎಷ್ಟೋ ತಿಂಗಳಿಗೆ. ದುರ್ಗಿಗುಡಿಯ ವಿಳಾಸಕ್ಕೆ ಬಂದಿತ್ತು. ಮನೆ ಮಾಲೀಕರು ಫೋನು ಮಾಡಿ ಕರೆದರು. ಶೇಷಮ್ಮ ಹೋಗಿ ತೆಗೆದುಕೊಂಡು, ಅಲ್ಲಿಂದ ನೇರ ಚಂದ್ರಶೇಖರಪ್ಪನವರ ಅಂಗಡಿಗೆ ನಡೆದಳು. ಅವರು ಕಾರ್ಡಿನ ನಂಬರು ಹಾಕಿ ನೋಡಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಹಳೇ ಆಧಾರ್ ರದ್ದಾಯ್ತಲ್ಲ, ಹೆಸ್ರು ತೆಗೆದುಬಿಟ್ಟಿದಾರೆ ಶೇಷಮ್ಮ. ಇಬ್ಬರದ್ದೂ ಹೋಗಿ ಕಾರ್ಡೇ ಇಲ್ಲ. ಹೊಸ ಕಾರ್ಡಿಗೆ ಅರ್ಜಿ ಈಗ ತಗೊಳ್ತಿಲ್ಲ. ಯಾವಾಗ ಶುರು ಮಾಡ್ತಾರೋ ನಮಗೂ ಗೊತ್ತಿಲ್ಲ."

"ಆಯ್ತು ಬಿಡಿ."

"ಒಂದ್ಸಲ ಒತ್ತಿ ನೋಡ್ತೀರಾ, ಸುಮ್ನೆ? ಬೆರಳು ಬರುತ್ತೋ ಇಲ್ವೋ ಅಂತ?"

"ಬೇಡ," ಎಂದಳು ಶೇಷಮ್ಮ.

ಪಿಂಚಣಿಗೆ ಹಳೆಯ ನಂಬರಿನ ಶೇಷಮ್ಮನೂ ಹೊಸ ನಂಬರಿನ ಶೇಷಮ್ಮನೂ ಒಬ್ಬಳೇ ಎಂದು ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿ ಕೊಡಬೇಕೆಂದರು. ಕವನ ಓಡಾಡಿ ಅದನ್ನು ಮಾಡಿಸಿದಳು. ಪಿಂಚಣಿ ಮತ್ತೆ ಶುರುವಾಯಿತು. ಅದಕ್ಕಾಗಿ ಕೌಂಟರಿನಲ್ಲಿ ಮೊದಲ ಸಲ ತನ್ನ ಬೆರಳನ್ನೇ ಒತ್ತಿ, ಅದು ಒಪ್ಪಿದಾಗ, ಶೇಷಮ್ಮ ಪಕ್ಕಕ್ಕೆ ತಿರುಗಿ ನೋಡಿದಳು. ಪಕ್ಕದಲ್ಲಿ ಯಾರೋ ಗೊತ್ತಿಲ್ಲದ ಮುದುಕರು ತಮ್ಮ ಸರದಿಗೆ ಕಾಯುತ್ತಿದ್ದರು. ಅವಳಿಗೆ ಕಣ್ಣೀರು ಬಂತು. ಹುಲಿಯಪ್ಪ ಹೋದ ಮೇಲೆ ಬಂದ ಮೊದಲ ಕಣ್ಣೀರು ಅದು. ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು ಅಳು ಮುಗಿಯುವವರೆಗೂ ಅತ್ತಳು. ಕವನ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

ಈಗ ಶೇಷಮ್ಮ ಕುಂಸಿಯಲ್ಲೇ ಇದ್ದಾಳೆ. ಬೆಳಿಗ್ಗೆ ಇಡ್ಲಿ ಬಡಿಸುತ್ತಾಳೆ, ಮಧ್ಯಾಹ್ನ ಊರಿನವರ ಸೀರೆಗಳಿಗೆ ಫಾಲ್ಸ್ ಹಾಕುತ್ತಾಳೆ. ಸಾಗರದ ಬಸ್ಸಿನ ಡ್ರೈವರುಗಳು ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ಆಧಾರಿನಲ್ಲಿ ವಿಳಾಸ ಇನ್ನೂ ದುರ್ಗಿಗುಡಿಯದ್ದೇ.

"ವಿಳಾಸ ಬದಲಾಯಿಸ್ಬೇಕು ಆಂಟಿ," ಎಂದು ಮೊನ್ನೆ ಕವನ ನೆನಪಿಸಿದಳು. "ಇಲ್ಲಿ ರೇಷನ್ ಕಾರ್ಡಿಗೆ ಅರ್ಜಿ ಕರೆದ್ರೆ ಬೇಕಾಗುತ್ತೆ. ಜ್ಞಾನೇಶಣ್ಣನ ಹತ್ರ ಹೋಗಿಬರೋಣ."

"ಹೋಗೋಣ," ಎಂದಳು ಶೇಷಮ್ಮ. "ಈಗಲೇ ಬೇಡ ಮಾರಾಯ್ತಿ. ಸ್ವಲ್ಪ ದಿನ ಯಾರೂ ಮುಟ್ಟದ ಹಾಗೆ ಇರ್ಲಿ ಅದು."

ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂದು ನಿಂತಿತು. ಇಳಿದವರು ತಗಡಿನ ಮಾಡಿನ ಕಡೆ ಬರತೊಡಗಿದ್ದರು. ಅವಳು ತಟ್ಟೆಗಳನ್ನು ಒರೆಸಿ ಜೋಡಿಸಲು ಎದ್ದಳು.